ಅಂಚು ನೋಡಿ ಹೇಳಿದವಳು

ಇಂಥ ಅನುಭವಗಳನ್ನು ಬೇರೆಯವರು ಬರೆದದ್ದನ್ನು ನಾನು ಓದಿದ್ದೇನೆ. ಓದಿ ನಕ್ಕೂ ಇದ್ದೇನೆ. ಸತ್ತವರು ಕನಸಿನಲ್ಲಿ ಬಂದು ಕಳೆದುಹೋದ ವಸ್ತುವಿನ ಜಾಗ ತೋರಿಸಿದರು, ಯಾರೋ ಬಾಗಿಲು ತಟ್ಟಿದರು, ತೆಗೆದರೆ ಯಾರೂ ಇರಲಿಲ್ಲ, ಎಂಬಂಥವು. ಬರೆದವರು ಸುಳ್ಳು ಹೇಳುತ್ತಿದ್ದಾರೆ ಎಂದಲ್ಲ, ಹೊಟ್ಟೆ ಸರಿಯಿರಲಿಲ್ಲವೇನೋ ಎಂದುಕೊಂಡು ಪುಟ ತಿರುಗಿಸುತ್ತಿದ್ದೆ. ನಾನು ಎಸ್ಸೆಸ್ಸೆಲ್ಸಿವರೆಗೆ ಓದಿದವನು. ಹುಣಸೂರಿನಿಂದ ಪಿರಿಯಾಪಟ್ಟಣಕ್ಕೆ ಹೋಗುವ ರಸ್ತೆಯಿಂದ ಎರಡು ಮೈಲಿ ಒಳಗೆ ನಮ್ಮ ಊರು. ರಾಗಿ ಮತ್ತು ಹೊಗೆಸೊಪ್ಪು ನಮ್ಮ ಬೆಳೆ. ಕಣ್ಣಿಗೆ ಕಂಡದ್ದನ್ನು ಮಾತ್ರ ನಂಬುವವನು ಎಂದು ಊರಿನಲ್ಲಿ ನನಗೆ ಹೆಸರಿತ್ತು. ಆ ಹೆಸರಿನ ಮೇಲೆ ನನಗೆ ಒಂದಿಷ್ಟು ಹೆಮ್ಮೆಯೂ ಇತ್ತು.

ಈಗ ನಾನೇ ಅಂಥದೊಂದನ್ನು ಬರೆಯಲು ಕುಳಿತಿದ್ದೇನೆ. ನಿಮ್ಮನ್ನು ಬೆರಗುಗೊಳಿಸುವ ಆಸೆ ನನಗಿಲ್ಲ. ನಡೆದು ಇಷ್ಟು ವರ್ಷವಾದರೂ ಸಿಟ್ಟು ಇಳಿದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಅಕ್ಷರದಲ್ಲಿ ಇಳಿಯುತ್ತದೋ ನೋಡೋಣ.

ನನ್ನ ಹೆಂಡತಿ ಪುಟ್ಟತಾಯಿಗೆ ಓದು ಬರುತ್ತಿರಲಿಲ್ಲ. ಆದರೆ ನಮ್ಮ ಸುತ್ತಿನ ನಾಲ್ಕು ಹಳ್ಳಿಗಳಲ್ಲಿ ಹೊಗೆಸೊಪ್ಪು ವಿಂಗಡಿಸುವುದಕ್ಕೆ ಅವಳ ಸಮ ಯಾರೂ ಇರಲಿಲ್ಲ. ಬ್ಯಾರನ್ ಎಂದರೆ ಎಲೆ ಬೇಯಿಸುವ ಎತ್ತರದ ಮನೆ. ಅಲ್ಲಿಂದ ಇಳಿಸಿದ ಎಲೆಯನ್ನು ಬಣ್ಣ, ದಪ್ಪ, ಕಲೆ ನೋಡಿ ಬೇರೆ ಬೇರೆ ಗ್ರೇಡು ಮಾಡಿ ಕಟ್ಟಬೇಕು. ಉಳಿದ ಹೆಂಗಸರು ಎಲೆಯನ್ನು ಬೆಳಕಿಗೆ ಹಿಡಿದು ನೋಡಿದರೆ ಇವಳು ಹೆಬ್ಬೆರಳಿನಿಂದ ಅದರ ಅಂಚನ್ನು ಸವರುತ್ತಿದ್ದಳು. ಹೊಸದಾಗಿ ಕೆಲಸಕ್ಕೆ ಬಂದವರಿಗೆ, ‘ನಡುವೆ ಏನ್ ನೋಡ್ತೀಯ, ಎಲ್ಲಾ ಎಲೇನೂ ನಡುವೆ ಚೆಂದಾಗೇ ಇರ್ತದೆ. ಅಂಚು ನೋಡು’ ಎನ್ನುತ್ತಿದ್ದಳು. ಯಾವ ಎಲೆ ರಾಶಿಯಲ್ಲಿ ಬೂಷ್ಟು ಹಿಡಿದು ಸುತ್ತಲಿನ ಎಲೆಗಳನ್ನೂ ಕೆಡಿಸುತ್ತದೆ ಎಂದು ವಾಸನೆ ಬರುವ ಮೊದಲೇ ಹೇಳಿ ತೆಗೆದುಹಾಕುತ್ತಿದ್ದಳು. ಇಬ್ಬರು ರೈತರು ಒಂದೇ ಬ್ಯಾರನ್ನಿನಲ್ಲಿ ಎಲೆ ಬೇಯಿಸಿ ಅದು ಬೆರೆತುಹೋದರೆ ಇವಳನ್ನೇ ಕರೆಯುತ್ತಿದ್ದರು. ಇದು ನಿನ್ನದು, ಇದು ಅವನದು ಎಂದು ಬೇರೆ ಮಾಡಿಟ್ಟರೆ ಇಬ್ಬರೂ ಮಾತಿಲ್ಲದೆ ಹೊತ್ತುಕೊಂಡು ಹೋಗುತ್ತಿದ್ದರು.

ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ಒಂದು ದೀಪಾವಳಿ ಕಳೆದ ಮೇಲೆ ಅವಳಿಗೆ ಕರುಳಿನ ಆಪರೇಷನ್ ಆಯಿತು. ಮಲದಲ್ಲಿ ರಕ್ತ ಬೀಳುತ್ತಿರುವುದನ್ನು ಅವಳು ತಿಂಗಳುಗಟ್ಟಲೆ ಮುಚ್ಚಿಟ್ಟಿದ್ದಳು. ನಮ್ಮ ಕಡೆಯ ಒಂದು ಆಸ್ಪತ್ರೆಗೆ ವಾರಕ್ಕೊಮ್ಮೆ ಹೊರಗಿನಿಂದ ಸರ್ಜನ್ನರು ಬರುತ್ತಿದ್ದರು. ಅವರು ಗಡ್ಡೆಯಿದ್ದ ಕರುಳಿನ ತುಂಡನ್ನು ಕತ್ತರಿಸಿ ತೆಗೆದು, ಎರಡು ತುದಿಗಳನ್ನು ಸೇರಿಸಿ ಹೊಲಿದರು. ತೆಗೆದ ತುಂಡನ್ನು ಮೈಸೂರಿನ ಲ್ಯಾಬಿಗೆ ಒಯ್ದು ಕೊಡಬೇಕು, ಅಲ್ಲಿ ತೆಳ್ಳಗೆ ಕೊಯ್ದು ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡುತ್ತಾರೆ, ಅದು ಯಾವ ಜಾತಿಯದು, ಮುಂದೆ ಹೇಗೆ ನಡೆದುಕೊಳ್ಳುತ್ತದೆ ಎಂದು ಅದರಿಂದಲೇ ತಿಳಿಯುತ್ತದೆ ಎಂದರು. ಒಯ್ಯುವವರು ಯಾರು ಎಂಬ ಪ್ರಶ್ನೆಯೇ ಇರಲಿಲ್ಲ. ರೋಗಿಯ ಕಡೆಯವರೇ ಒಯ್ಯಬೇಕು.

ಕಾಂಪೌಂಡರು ಔಷಧಿ ನೀರಿನಲ್ಲಿ ತುಂಡು ಮುಳುಗಿಸಿದ ಅಗಲ ಬಾಯಿಯ ಎರಡು ಗಾಜಿನ ಬಾಟಲಿಗಳನ್ನು ತಂದಿಟ್ಟ. ಒಂದು ನಮ್ಮದು. ಇನ್ನೊಂದು ಕೆ.ಆರ್. ನಗರದ ಕಡೆಯ ಒಬ್ಬ ಗಂಡಸಿನದು. ಅವನಿಗೂ ಅದೇ ದಿನ ಅದೇ ಆಪರೇಷನ್ ಆಗಿತ್ತು.

‘ಹೆಂಗೂ ಓಯ್ತಾ ಇದ್ದೀರಲ್ಲ, ಇದನ್ನೂ ಕೊಟ್ಬುಡಿ. ಅವ್ರ ಕಡೆಯೋರು ಊರಿಗೋದೋರು ಇನ್ನೂ ಬಂದಿಲ್ಲ’ ಎಂದ.

ಬಾಟಲಿಯ ಕತ್ತಿಗೆ ಹೆಸರು, ಊರು ಬರೆದ ಚೀಟಿಯನ್ನು ದಾರದಲ್ಲಿ ಕಟ್ಟಿತ್ತು. ಎರಡು ಹಿಡಿಯ ಚೀಲದಲ್ಲಿ ಹುಲ್ಲು ತುಂಬಿ ಎರಡನ್ನೂ ಇಟ್ಟುಕೊಂಡೆ. ನಮ್ಮದನ್ನು ಬಲಗಡೆಗೆ ಇಟ್ಟೆ. ಒಳ್ಳೆಯದಾಗಲಿ ಎಂದು ಯಾವುದನ್ನಾದರೂ ಬಲಕ್ಕೆ ಇಡುವುದು ನಮ್ಮಲ್ಲಿ ರೂಢಿ. ಅದನ್ನು ಮೂಢನಂಬಿಕೆ ಎಂದು ನಾನು ಆಗ ಒಪ್ಪುತ್ತಿರಲಿಲ್ಲ, ಅಭ್ಯಾಸ ಎನ್ನುತ್ತಿದ್ದೆ.

ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತವನು ಚೀಲದೊಳಗೆ ಇಣುಕಿ, ‘ಕೋಟೆ ಕಡೆ ಜೇನಾ ಗೌಡ್ರೆ?’ ಎಂದ. ಹೆಗ್ಗಡದೇವನಕೋಟೆಯ ಕಾಡುಜೇನು ಹೀಗೆ ಬಾಟಲಿಗಳಲ್ಲಿ ಮೈಸೂರಿಗೆ ಹೋಗುತ್ತಿದ್ದ ಕಾಲ ಅದು. ನಾನು ಹೂಂ ಎಂದೆ.

‘ಒಂದ್ ತೊಟ್ಟು ನೆಕ್ಕಕ್ ಕೊಡಿ ಮತ್ತೆ.’

‘ಔಷಧಿಗೆ ತಕ್ಕೊಂಡೋಯ್ತಾ ಇರೋದು. ಮುಚ್ಚಳ ತೆಗೆಯಂಗಿಲ್ಲ.’

‘ಜೇನು ಮಾರೋರೆಲ್ಲ ಇಂಗೇ ಕಣ್ರೀ, ಕಣ್ಣಲ್ಲಿ ಕುಡೀಬೇಕು’ ಎಂದು ಅವನು ಆಚೆ ತಿರುಗಿ ಕುಳಿತ.

ದಾರಿಯಲ್ಲಿ ಜನ ತುಂಬಿದಾಗ ಕಂಡಕ್ಟರು ನನ್ನ ಚೀಲವನ್ನು ಎತ್ತಿ ಡ್ರೈವರಿನ ಹಿಂದೆ ಇಟ್ಟ. ಮೈಸೂರಿನಲ್ಲಿ ಅವನೇ ಎತ್ತಿ ಕೊಟ್ಟ. ಲ್ಯಾಬಿನಲ್ಲಿ ತೆಗೆದು ನೋಡಿದರೆ ಒಂದು ಬಾಟಲಿ ಒಸರಿ ಹುಲ್ಲೆಲ್ಲ ಒದ್ದೆಯಾಗಿತ್ತು. ಒಂದು ಚೀಟಿ ಕಳಚಿ ಬಿದ್ದಿತ್ತು. ಇನ್ನೊಂದರ ಶಾಯಿ ಹರಡಿ ಹೆಸರು ಅಳಿಸಿಹೋಗಿತ್ತು. ಕಿಟಕಿಯಲ್ಲಿದ್ದವನು, ‘ಯಾವುದು ಯಾರದು?’ ಎಂದ. ‘ಬಲಗಡೆಯದು ನಮ್ಮದು’ ಎಂದೆ. ಅವನು ಹಾಗೇ ಬರೆದುಕೊಂಡ.

ಹೊಲಿಗೆ ಬಿಚ್ಚಿದ ಮೇಲೆ ವರದಿ ತರಲು ನಾವಿಬ್ಬರೂ ಹೋದೆವು. ಅವಳಿಗೆ ಖಾಯಿಲೆಯ ಹೆಸರನ್ನು ಯಾರೂ ಹೇಳಿರಲಿಲ್ಲ. ಕರುಳಲ್ಲಿ ಹುಣ್ಣು, ತೆಗೆದಾಯಿತು ಎಂದಷ್ಟೇ ಹೇಳಿದ್ದೆವು. ಮೈಸೂರಿಗೆ ಏಕೆ ಎಂದು ಕೇಳಿದರೆ ಒಂದು ಕಾಗದ ತರುವುದಿದೆ ಎಂದಿದ್ದೆ. ಲ್ಯಾಬು ಮೇಲಿನ ಮಹಡಿಯಲ್ಲಿತ್ತು. ಬೆಳಗಿನ ಹನ್ನೊಂದರ ಹೊತ್ತು. ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರಮ್ಮ ನಾಲ್ಕೈದು ವಿದ್ಯಾರ್ಥಿಗಳನ್ನು ನಿಲ್ಲಿಸಿಕೊಂಡು, ಪಕ್ಕಪಕ್ಕದಲ್ಲಿದ್ದ ಎರಡು ಮೈಕ್ರೋಸ್ಕೋಪುಗಳಲ್ಲಿ ಏನನ್ನೋ ತೋರಿಸುತ್ತಿದ್ದರು. ವಿದ್ಯಾರ್ಥಿಗಳು ಆ ಕಡೆ ಈ ಕಡೆ ಬಗ್ಗಿ ನೋಡುತ್ತಿದ್ದರು. ಬೆಂಚಿನ ಮೇಲೆ ಕುಳಿತಿದ್ದ ಪುಟ್ಟತಾಯಿ, ‘ಅದೇನವ್ವ, ಅಂಗೆ ಬಗ್ಗಿ ಬಗ್ಗಿ ನೋಡ್ತಾ ಇದ್ದೀರಿ?’ ಎಂದು ಕೇಳಿದಳು.

ಡಾಕ್ಟರಮ್ಮನಿಗೆ ನಗು ಬಂತು. ಒಳ್ಳೆಯ ಮನಸ್ಸಿನವರು. ‘ಬನ್ನಿ, ನೀವೂ ನೋಡಿ’ ಎಂದು ಕರೆದು ಸ್ಟೂಲಿನ ಮೇಲೆ ಕೂರಿಸಿದರು. ಅವು ಏನು, ಯಾರವು ಎಂದು ಅವರು ಹೇಳಲಿಲ್ಲ. ನನಗೂ ತಿಳಿದಿರಲಿಲ್ಲ.

ಅವಳು ಮೊದಲನೆಯದನ್ನು ನೋಡಿದಳು. ‘ಚೆನ್ನಾಗದೆ. ಉಂಗ್ರ ಉಂಗ್ರ ಜೋಡ್ಸಿಟ್ಟಂಗದೆ’ ಎಂದಳು. ಎರಡನೆಯದಕ್ಕೆ ಕಣ್ಣಿಟ್ಟವಳು ಬಹಳ ಹೊತ್ತು ಏಳಲಿಲ್ಲ. ಆಮೇಲೆ ತಲೆಯೆತ್ತದೆಯೇ, ‘ಇದು ನಿಲ್ಲಾಕಿಲ್ಲ’ ಎಂದಳು.

‘ಯಾಕಮ್ಮ?’

‘ಅಂಚು ನೋಡಿ ಅವ್ವ. ಅದ್ರಲ್ಲಿ ಅಂಚು ನೆಟ್ಟಗೆ ನಿಂತದೆ, ತಳ್ತಾ ಅದೆ ಅಷ್ಟೇಯ. ಇದ್ರಲ್ಲಿ ಅಂಚೇ ಇಲ್ಲ. ಎಳೆ ಎಳೆಯಾಗಿ ಒಳೀಕ್ ಓಗ್ಬುಟ್ಟದೆ. ಇಂಥದ್ದು ರಾಶೀನೇ ಕೆಡಿಸ್ತದೆ.’

ವಿದ್ಯಾರ್ಥಿಗಳು ಮುಖ ಮುಖ ನೋಡಿಕೊಂಡರು. ಡಾಕ್ಟರಮ್ಮ ಆಗತಾನೇ ಅವರಿಗೆ ಇಂಗ್ಲಿಷಿನಲ್ಲಿ ಹೇಳುತ್ತಿದ್ದದ್ದು ಅದನ್ನೇ ಅಂತೆ. ಉಂಗುರದಂತೆ ಕಾಣುವ ಗ್ರಂಥಿಗಳು ಉಳಿದುಕೊಂಡಿದ್ದರೆ, ಗಡ್ಡೆಯ ಅಂಚು ಒಂದೇ ಗೆರೆಯಾಗಿ ಮುಂದೆ ಸರಿಯುತ್ತಿದ್ದರೆ ರೋಗಿ ಬದುಕುವ ಸಂಭವ ಹೆಚ್ಚು. ಉಂಗುರಗಳು ಒಡೆದು, ಅಂಚು ಚೂರುಚೂರಾಗಿ ಒಳಗೆ ನುಸುಳಿದ್ದರೆ ಕಡಿಮೆ. ಇಲ್ಲಿಯವರೆಗೆ ಆಶ್ಚರ್ಯವೇನೂ ಇಲ್ಲ. ನೋಡಿ ನೋಡಿ ಪಳಗಿದ ಕಣ್ಣು, ಎಲೆಯಾದರೇನು ಮಾಂಸವಾದರೇನು ಎಂದು ನಾನೂ ಅಂದುಕೊಳ್ಳಬಹುದಿತ್ತು.

ಆದರೆ ಅವಳು ಇನ್ನೂ ಎದ್ದಿರಲಿಲ್ಲ. ಎಡಗೈಯನ್ನು ಸೀರೆಯ ಮೇಲಿಂದಲೇ ಹೊಟ್ಟೆಯ ಹೊಲಿಗೆಯ ಮೇಲೆ ಇಟ್ಟುಕೊಂಡು, ಗ್ರೇಡಿಂಗಿನಲ್ಲಿ ಹೇಳುತ್ತಿದ್ದ ಅದೇ ದನಿಯಲ್ಲಿ, ‘ಇದು ನಂದು. ಅದು ಯಾರೋ ಗಂಡಸಿಂದು’ ಎಂದಳು.

ಡಾಕ್ಟರಮ್ಮ ನಮ್ಮ ಹೆಸರು ಕೇಳಿದರು. ರಿಜಿಸ್ಟರು ತೆಗೆದು ಗಾಜಿನ ಪಟ್ಟಿಗಳ ಮೇಲಿದ್ದ ನಂಬರುಗಳನ್ನು ಹೋಲಿಸಿದರು. ‘ನಿಮ್ಮದು ಇಲ್ಲೇ ಇದೆ ಅಂತ ನಿಮಗೆ ಯಾರು ಹೇಳಿದ್ರು?’ ಎಂದರು. ಯಾರೂ ಹೇಳಿರಲಿಲ್ಲ. ಎರಡು ಗಾಜುಗಳಲ್ಲಿ ಒಂದು ಇವಳದೇ. ಇನ್ನೊಂದು ಗಂಡಸಿನದೇ. ಆದರೆ ರಿಜಿಸ್ಟರಿನ ಪ್ರಕಾರ ಅದಲುಬದಲು. ಇವಳದು ಆ ಒಳ್ಳೆಯ ಗಾಜು, ಉಂಗುರ ಜೋಡಿಸಿದಂತಿದ್ದದ್ದು. ‘ಹೆದರಬೇಡಿ ಅಮ್ಮ, ನಿಮ್ಮದು ಆ ಕಡೆಯದು’ ಎಂದು ಡಾಕ್ಟರಮ್ಮ ಅವಳ ಭುಜ ಮುಟ್ಟಿದರು.

‘ಇಲ್ಲ ಕಣವ್ವ. ನನ್ದು ನನಗ್ ಗೊತ್ತಾಗಾಕಿಲ್ವಾ?’ ಎಂದಳು ಪುಟ್ಟತಾಯಿ.

ಅಷ್ಟರಲ್ಲಿ ದೊಡ್ಡ ಡಾಕ್ಟರು ಒಳಗೆ ಬಂದರು. ವಿಷಯ ಕೇಳಿ ಜೋರಾಗಿ ನಕ್ಕರು. ‘ಹಾಗಾದ್ರೆ ನಾನು ಹುಣಸೂರಿಗೆ ಹೋಗಿ ಹೊಗೆಸೊಪ್ಪು ಕಟ್ತೀನಿ, ಈಯಮ್ಮ ಇಲ್ಲಿ ಕೂತ್ಕೊಳ್ಳಲಿ’ ಎಂದರು. ವಿದ್ಯಾರ್ಥಿಗಳೂ ನಕ್ಕರು. ಇದನ್ನು ಬರೆಯುವಾಗ ಕೈ ಹಿಂದೆಗೆಯುತ್ತದೆ. ಆದರೂ ಬರೆಯಬೇಕು. ನಾನೂ ನಕ್ಕೆ. ದೊಡ್ಡವರು ನಕ್ಕಾಗ ನಗದೆ ನಿಂತರೆ ಮರ್ಯಾದೆಯಲ್ಲ ಎಂದು ನಕ್ಕೆ. ಅವಳು ಸ್ಟೂಲಿನಿಂದ ಇಳಿದು, ಸೆರಗು ಸರಿಮಾಡಿಕೊಂಡು, ಬೆಂಚಿನ ಮೇಲೆ ಹೋಗಿ ಕುಳಿತಳು.

ವರದಿ ಚೆನ್ನಾಗಿತ್ತು. ಒಳ್ಳೆಯ ಜಾತಿಯದು, ಪಕ್ಕದ ಗಂಟುಗಳಿಗೆ ಹರಡಿಲ್ಲ. ಆಸ್ಪತ್ರೆಗೆ ಒಯ್ದುಕೊಟ್ಟಾಗ ಸರ್ಜನ್ನರು ಅದನ್ನು ಓದಿ ನನ್ನ ಬೆನ್ನು ತಟ್ಟಿದರು. ‘ಇನ್ನು ನಿಮ್ಮ ಕೈಯಲ್ಲಿದೆ. ಒಂದು ವರ್ಷ ಪಥ್ಯ ಸರಿಯಾಗಿ ಮಾಡಿಸಿ. ಗಂಜಿ, ಮೆದು ಅನ್ನ, ಮಜ್ಜಿಗೆ. ರಾಗಿ ಬೇಡ, ಸೊಪ್ಪು ಬೇಡ, ಖಾರ ಬೇಡ, ಮೀನು ಮಾಂಸ ಮುಟ್ಟಬೇಡಿ’ ಎಂದರು. ಅವಳು ಅಲ್ಲೇ ನಿಂತಿದ್ದಳು. ಅವರು ಒಂದು ಸಲವೂ ಅವಳ ಕಡೆ ತಿರುಗಿ ಮಾತನಾಡಲಿಲ್ಲ.

ಆವತ್ತು ಬಸ್ಸಿನಲ್ಲಿ ಬರುವಾಗ ಅವಳು ಹೇಳಿದ್ದು ಇಷ್ಟೇ: ‘ಎಷ್ಟು ದಿವ್ಸ ಅದೋ ಅಷ್ಟು ದಿವ್ಸ ಉಣ್ಣಕ್ ಬುಡಿ ನನ್ನ.’

‘ಕಾಗದ ಚೆನ್ನಾಗದೆ ಕಣೆ. ಒಂದ್ ವರ್ಷ ತಡ್ಕೊ’ ಎಂದೆ.

ಮುದ್ದೆಯಿಲ್ಲದೆ ನಮ್ಮ ಕಡೆಯವರಿಗೆ ಊಟವೇ ಊಟವಲ್ಲ. ಹುಟ್ಟಿದಾಗಿನಿಂದ ಎರಡು ಹೊತ್ತು ಮುದ್ದೆ ತಿಂದ ಹೆಂಗಸಿಗೆ ನಾನು ಐದು ತಿಂಗಳು ಗಂಜಿ ಕುಡಿಸಿದೆ. ಮನೆಯವರೆಲ್ಲ ಸೊಪ್ಪಿನ ಸಾರು, ಮುದ್ದೆ ಉಣ್ಣುವಾಗ ಅವಳು ಗೋಡೆಗೆ ಮುಖ ಮಾಡಿ ಕುಳಿತಿರುತ್ತಿದ್ದಳು. ಕೇಳುತ್ತಿದ್ದಳು, ಜಗಳವಾಡುತ್ತಿರಲಿಲ್ಲ. ಒಮ್ಮೆ ನೆರೆಮನೆಯ ಸಣ್ಣಕ್ಕ, ಅವಳ ಜೊತೆ ಗ್ರೇಡಿಂಗಿಗೆ ಬರುತ್ತಿದ್ದವಳು, ಸೆರಗಿನ ಕೆಳಗೆ ಬಟ್ಟಲು ಮುಚ್ಚಿಕೊಂಡು ಒಂದು ಸಣ್ಣ ಮುದ್ದೆ, ಉಪ್ಪೆಸರು ತಂದುಕೊಟ್ಟಿದ್ದಳು. ನಾನು ಕಂಡುಹಿಡಿದು ಅವಳ ಬಾಗಿಲಿಗೆ ಹೋಗಿ ಬಾಯಿಗೆ ಬಂದಂತೆ ಬೈದೆ. ‘ಸಾಯಿಸ್ಬೇಕು ಅಂತ ಇದ್ದೀಯಾ ಅವಳ್ನ?’ ಎಂದೆ. ಮನೆಗೆ ಬಂದರೆ ಪುಟ್ಟತಾಯಿ, ‘ಅವಳ್ನ ಯಾಕ್ ಬೈದ್ರಿ? ಕೇಳಿದ್ದು ನಾನು’ ಎಂದಳು.

ಐದನೆಯ ತಿಂಗಳಿಗೆ ಕಣ್ಣು ಹಳದಿಯಾಯಿತು, ಹೊಟ್ಟೆ ಊದಿತು. ಸರ್ಜನ್ನರು ಮುಟ್ಟಿ ನೋಡಿ, ಲಿವರಿಗೆಲ್ಲ ಹರಡಿದೆ, ಮನೆಗೆ ಕರೆದುಕೊಂಡು ಹೋಗಿ, ಏನು ಕೇಳುತ್ತಾರೋ ಕೊಡಿ ಎಂದರು. ಕಾಗದ ಚೆನ್ನಾಗಿತ್ತಲ್ಲ ಎಂದೆ. ‘ಕೆಲವು ಸಲ ಹೀಗೂ ಆಗುತ್ತೆ’ ಎಂದು ಮುಂದಿನ ರೋಗಿಯನ್ನು ಕರೆದರು.

ಮನೆಗೆ ಬಂದು ನಾನೇ ಒಲೆ ಹಚ್ಚಿ ಮುದ್ದೆ ತೊಳಸಿದೆ. ಅವರೆ ಕಾಳಿನ ಸಾರು ಮಾಡಿಸಿದೆ. ತಟ್ಟೆಯನ್ನು ಅವಳ ಮುಂದೆ ಇಟ್ಟಾಗ ಅವಳು ಮುದ್ದೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದಳು. ‘ಹದವಾಗದೆ’ ಎಂದಳು. ಒಂದು ತುತ್ತು ಮುರಿದು ಸಾರಿನಲ್ಲಿ ಅದ್ದಿ ಬಾಯಿಗೆ ಇಟ್ಟುಕೊಂಡಳು. ಒಳಗೆ ಇಳಿಯಲಿಲ್ಲ. ಸೆರಗಿಗೆ ಉಗಿದು, ತಟ್ಟೆಯನ್ನು ನನ್ನ ಕಡೆ ಸರಿಸಿದಳು. ಹೊಲದಲ್ಲಿ ಹೊಗೆಸೊಪ್ಪಿನ ಸಸಿ ನಾಟಿ ನಡೆಯುತ್ತಿದ್ದ ಆ ವಾರವೇ ಅವಳು ಹೋದಳು.

ತಿಥಿ ಮುಗಿದ ಮೇಲೆ ನಾನು ವರದಿಯನ್ನು ಜೇಬಿನಲ್ಲಿಟ್ಟುಕೊಂಡು ಲ್ಯಾಬಿಗೆ ಹೋದೆ. ಜಗಳ ಮಾಡಲೆಂದೇ ಹೋದೆ. ದೊಡ್ಡ ಡಾಕ್ಟರ ಎದುರು ನಿಂತು, ನೀವು ನಕ್ಕಿರಲ್ಲ, ಈಗ ನಗಿ ಎನ್ನಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಅವರಿರಲಿಲ್ಲ. ಚಿಕ್ಕ ಡಾಕ್ಟರಮ್ಮ ಇದ್ದರು. ನನ್ನನ್ನು ನೋಡಿದ ಕೂಡಲೇ ಅವರಿಗೆ ತಿಳಿಯಿತು. ಗಾಜುಗಳನ್ನು ತೆಗೆಸಿದರು, ರಿಜಿಸ್ಟರು ತಂದರು, ನಂಬರುಗಳನ್ನು ಮತ್ತೊಮ್ಮೆ ನೋಡಿದರು. ಎಲ್ಲ ಸರಿಯಾಗಿತ್ತು. ಲ್ಯಾಬಿನೊಳಗೆ ಎಲ್ಲೂ ತಪ್ಪಿರಲಿಲ್ಲ. ನಾನು ಕೇಳಿದ್ದಕ್ಕೆ ಎರಡನ್ನೂ ತೋರಿಸಿದರು. ನನಗೆ ಗುಲಾಬಿ, ನೇರಳೆ ಬಣ್ಣದ ಕಲೆಗಳು ಕಂಡವು, ಅಷ್ಟೆ.

ಆಮೇಲೆ ಅವರು ಮೆಲ್ಲಗೆ ಕೇಳಿದರು: ‘ಬಾಟಲಿ ತಂದುಕೊಟ್ಟವರು ಯಾರು?’

‘ನಾನೇ.’

ನಾನು ಜೋಡಿಸಿಕೊಂಡು ಹೋಗಿದ್ದ ಮಾತುಗಳು ಒಂದೂ ಬಾಯಿಗೆ ಬರಲಿಲ್ಲ. ಎರಡು ಹಿಡಿಯ ಚೀಲಕ್ಕೆ ಯಾವುದು ಬಲ, ಯಾವುದು ಎಡ? ಕಂಡಕ್ಟರು ಎತ್ತಿಡುವಾಗ ಅದು ತಿರುಗಿತೋ ಇಲ್ಲವೋ? ಇವತ್ತಿಗೂ ಗೊತ್ತಿಲ್ಲ. ಚೀಟಿ ಒದ್ದೆಯಾದದ್ದನ್ನು ಕಂಡೂ, ಗೊತ್ತಿಲ್ಲ ಎಂದು ಹೇಳಲು ನಾಚಿಕೆಪಟ್ಟು, ಬಲಗಡೆಯದು ನಮ್ಮದು ಎಂದವನು ನಾನು. ಒಂದು ಜೀವದ ಲೆಕ್ಕವನ್ನು ದಾರದ ಚೀಟಿಗೆ ಕಟ್ಟಿ ಬಸ್ಸಿಗೆ ಹತ್ತಿಸಿದವರ ಮೇಲೆ, ಬಾಯಿಮಾತಿನ ಮೇಲೆ ಬರೆದುಕೊಂಡವನ ಮೇಲೆ ನನಗೆ ಸಿಟ್ಟಿದೆ. ಅವಳು ಎದುರಿಗೇ ಹೇಳಿದಾಗ, ಆ ಬಾಟಲಿಗಳು ಬಂದದ್ದು ಹೇಗೆ ಎಂದು ಒಂದು ಮಾತು ಕೇಳದೆ ನಕ್ಕವರ ಮೇಲೆ ಇನ್ನೂ ಸಿಟ್ಟಿದೆ. ಆ ನಕ್ಕವರಲ್ಲಿ, ಕೇಳಿದ್ದರೆ ಉತ್ತರ ಗೊತ್ತಿದ್ದವನು ನಾನೊಬ್ಬನೇ.

ಹೊರಡುವಾಗ ಡಾಕ್ಟರಮ್ಮ ಇನ್ನೊಂದು ಮಾತು ಹೇಳಿದರು. ಗಾಜು ಹೇಳುವುದು ಇಂಥವರಲ್ಲಿ ಹೆಚ್ಚು ಜನ ಬದುಕುತ್ತಾರೆ, ಇಂಥವರಲ್ಲಿ ಕಡಿಮೆ ಜನ ಎಂದು ಮಾತ್ರ. ಒಳ್ಳೆಯ ಗಾಜಿನವರೂ ಹೋಗುತ್ತಾರೆ, ಕೆಟ್ಟ ಗಾಜಿನವರೂ ಉಳಿಯುತ್ತಾರೆ. ಹಾಗಾಗಿ ಬಾಟಲಿ ಬದಲಾಗಿರಲೇಬೇಕು ಎಂದಿಲ್ಲ.

ಚೀಟಿಯಲ್ಲಿದ್ದ ಆ ಗಂಡಸಿನ ಹೆಸರು, ಊರು ನನ್ನ ನೆನಪಿನಲ್ಲಿದ್ದವು. ಎರಡು ವರ್ಷ ತಡೆದುಕೊಂಡೆ. ಆಮೇಲೆ ಒಂದು ದಿನ ಚುಂಚನಕಟ್ಟೆಯ ಬಸ್ಸು ಹತ್ತಿದೆ. ಅವನ ಊರು ಅಲ್ಲಿಗೆ ಹತ್ತಿರ, ಕಾಲುವೆಯ ಪಕ್ಕ. ಬದುಕಿದ್ದಾನೆಯೇ ಎಂದು ಯಾರನ್ನಾದರೂ ಕೇಳುವುದು ಹೇಗೆಂದು ಯೋಚಿಸುತ್ತ ಹೋದರೆ, ವಾರ್ಡಿನಲ್ಲಿ ನೋಡಿದ್ದ ಅವನೇ ಗದ್ದೆಯ ಬದುವಿನ ಮೇಲೆ ನಿಂತು ನಾಟಿಯ ಹೆಂಗಸರಿಗೆ ಸಾಲು ಸೊಟ್ಟವಾಯಿತೆಂದು ಕೂಗುತ್ತಿದ್ದ. ಅದೇ ಆಸ್ಪತ್ರೆಯಲ್ಲಿ ನಮ್ಮವಳೂ ಇದ್ದಳು ಎಂದು ಹೇಳಿಕೊಂಡೆ. ಹೋದಳು ಎಂದದ್ದಕ್ಕೆ ಅವನು ಪೇಟ ತೆಗೆದ. ಮನೆಗೆ ಕರೆದೊಯ್ದು ಊಟಕ್ಕೆ ಕೂರಿಸಿದ. ಹೊಳೆಮೀನಿನ ಸಾರು, ಮುದ್ದೆ. ನಾನು ಎರಡನೆಯ ಮುದ್ದೆ ಬೇಡ ಎಂದಾಗ, ‘ಉಣ್ಣಿ ಗೌಡ್ರೆ, ನಿಮಗೇನ್ ಡಾಕ್ಟ್ರು ಬ್ಯಾಡ ಅಂದವ್ರಾ?’ ಎಂದು ನಕ್ಕ.

ಬಸ್ಸಿಗೆ ಬಿಡಲು ಬಂದ ಅವನ ಹಿರಿಯ ಮಗ ದಾರಿಯಲ್ಲಿ ದನಿ ತಗ್ಗಿಸಿ ಹೇಳಿದ: ‘ಅಪ್ಪಂಗೆ ಗೊತ್ತಿಲ್ಲ. ಕಾಗದ ಬಾಳ ಕೆಟ್ಟದಾಗದೆ, ಆರು ತಿಂಗ್ಳು ಅಂದುಬುಟ್ಟಿದ್ರು ನಮಗೆ. ಯಾವ ಪಥ್ಯಾನೂ ಬ್ಯಾಡ, ಕೇಳಿದ್ದು ಕೊಡಿ ಅಂದ್ರು. ದಿನಾ ಮೀನು, ಕೋಳಿ, ಕೇಳ್ದಾಗೆಲ್ಲ ಹೋಟ್ಲು ದೋಸೆ. ಈಗ ಸಾಯಂಗೂ ಕಾಣಾಕಿಲ್ಲ, ದೋಸೆ ಬಿಡಂಗೂ ಕಾಣಾಕಿಲ್ಲ.’ ಹೇಳಿ ಅವನೇ ನಕ್ಕ. ಆಮೇಲೆ ಕಣ್ಣು ಒರೆಸಿಕೊಂಡ.

ನಾನು ಅವನಿಗೆ ಏನೂ ಹೇಳಲಿಲ್ಲ. ಹೇಳಲು ನನ್ನಲ್ಲಿ ಏನಿತ್ತು? ಗೊತ್ತಿಲ್ಲ ಎನ್ನುವುದೊಂದೇ. ಆ ಮನುಷ್ಯ ಬದುಕಿದ್ದಕ್ಕೆ ನನಗೆ ಹೊಟ್ಟೆಕಿಚ್ಚಿಲ್ಲ. ಆದರೆ ಬಸ್ಸಿನಲ್ಲಿ ಕುಳಿತು, ಅವನಿಗೆ ಸಿಕ್ಕಿದ ಆರು ತಿಂಗಳ ಊಟ ಅವಳದು ಎಂದು ಅನ್ನಿಸಿದ್ದು ನಿಜ. ಬಾಟಲಿಗಳು ಬದಲಾಗಿದ್ದರೆ ಅವಳ ಸಾವಿನ ಕಾಗದ ಅವನ ಮನೆಗೆ ಹೋಯಿತು. ಅದರ ಜೊತೆ ಅವಳಿಗೆ ಸಲ್ಲಬೇಕಾಗಿದ್ದ ತಟ್ಟೆಯೂ ಹೋಯಿತು.

ನಮ್ಮ ಊರಿನಲ್ಲಿ ಈ ವಿಷಯ ಹೇಗೋ ಹಬ್ಬಿತು. ಪುಟ್ಟತಾಯಮ್ಮನ ಮೈಮೇಲೆ ಅಮ್ಮ ಬಂದಿದ್ದಳು ಎಂದು ಕೆಲವರು ಹೇಳುತ್ತಾರೆ. ಸಾಯುವವರಿಗೆ ಮೊದಲೇ ಕಾಣುತ್ತದೆ ಎನ್ನುತ್ತಾರೆ ಇನ್ನು ಕೆಲವರು. ಎರಡನ್ನೂ ಕೇಳಿದಾಗ ನನಗೆ ಮೈ ಉರಿಯುತ್ತದೆ. ಅವಳ ಮೈಮೇಲೆ ಯಾರೂ ಬಂದಿರಲಿಲ್ಲ. ಅವಳು ಸ್ಟೂಲಿನ ಮೇಲೆ ಕುಳಿತು ನೋಡಿದಳು, ನೋಡಿದ್ದನ್ನು ಹೇಳಿದಳು. ಆ ಬಣ್ಣದ ಕಲೆಗಳಲ್ಲಿ ಒಂದು ಗಂಡಸಿನದು, ಒಂದು ತನ್ನದು ಎಂದು ಅವಳಿಗೆ ಹೇಗೆ ತಿಳಿಯಿತು? ಓದಿದ ಡಾಕ್ಟರಮ್ಮನನ್ನೇ ಕೇಳಿದ್ದೇನೆ. ಹಾಗೆ ತಿಳಿಯಲು ಸಾಧ್ಯವಿಲ್ಲ ಎಂದರು. ಸಾಧ್ಯವಿಲ್ಲದ್ದು ನನ್ನ ಎದುರಿಗೇ ನಡೆಯಿತು. ಅದನ್ನು ಬಿಡಿಸಿ ಹೇಳಲು ನನಗೆ ಬರುವುದಿಲ್ಲ, ಬರೆದೂ ಬಂದಿಲ್ಲ.

ಅದು ತಿಳಿಯದಿದ್ದರೂ ಬದುಕಬಹುದು. ಆದರೆ ಅವಳು ಆ ಗಾಜನ್ನು ನೋಡದೇ ಇದ್ದಿದ್ದರೂ, ಬಾಟಲಿಗಳು ಬದಲಾಗದೇ ಇದ್ದಿದ್ದರೂ, ಐದು ತಿಂಗಳು ಅವಳು ನನ್ನನ್ನು ಕೇಳಿದ್ದು ಒಂದು ಮುದ್ದೆ. ಅದನ್ನು ಕೊಡಲು ನನಗೆ ಯಾರ ಕಾಗದ ಬೇಕಿತ್ತು?